ಯಂತ್ರ ಬರೆಯುವ ದಿನಚರಿ



ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಲಕ್ಷಾಂತರ ಮಂದಿ ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ನೀವೂ ನಿಮ್ಮ ನೋಂದಣಿ ಸಂಖ್ಯೆಯನ್ನು ಟೈಪ್ ಮಾಡಿ ಗುಂಡಿ ಒತ್ತುತ್ತೀರಿ. ಅಂಕಪಟ್ಟಿಯ ಬದಲು '500, ಸರ್ವರ್ ದೋಷ' ಎಂಬ ಬರಿಯ ಪುಟ ಕಾಣಿಸಿಕೊಳ್ಳುತ್ತದೆ. ನಿಮಗೆ ಬೇಸರವಾಗುವುದು ಸಹಜ. ಆದರೆ ಅತ್ತ ಆ ಸರ್ವರನ್ನು ನೋಡಿಕೊಳ್ಳುವ ಎಂಜಿನಿಯರ ಸ್ಥಿತಿಯನ್ನೂ ಸ್ವಲ್ಪ ಯೋಚಿಸಿ. ದೋಷ ಸಂಭವಿಸಿದ ಕ್ಷಣವನ್ನು ಅವರು ಕಣ್ಣಾರೆ ಕಂಡಿಲ್ಲ. ಆ ಕ್ಷಣ ಮರಳಿ ಬರುವಂತೆಯೂ ಇಲ್ಲ. ಅವರ ಕೈಗೆ ಸಿಗುವ ಮುಖ್ಯ ಸಾಕ್ಷ್ಯವೆಂದರೆ, ಪ್ರೋಗ್ರಾಮು ಕೆಲಸ ಮಾಡುತ್ತಿದ್ದಾಗ ತನ್ನಷ್ಟಕ್ಕೆ ತಾನೇ ಬರೆದಿಟ್ಟ ಸಾಲುಗಳು. ಈ ಸಾಲುಗಳಿಗೆ 'ಲಾಗ್' ಎಂದು ಹೆಸರು.

ಇಂದು ಜಾಲತಾಣಗಳನ್ನು ಕಟ್ಟುವವರು ಎಲ್ಲವನ್ನೂ ಬುಡದಿಂದ ಬರೆಯುವುದಿಲ್ಲ. ಜಾಂಗೊ, ರೈಲ್ಸ್, ಸ್ಪ್ರಿಂಗ್ ಮೊದಲಾದ ಸಿದ್ಧ ಚೌಕಟ್ಟುಗಳನ್ನು ಬಳಸುತ್ತಾರೆ. ಇವನ್ನು ಫ್ರೇಮ್‌ವರ್ಕ್ ಎನ್ನುತ್ತೇವೆ. ಇಂತಹ ಫ್ರೇಮ್‌ವರ್ಕ್‌ಗಳಲ್ಲಿ ಲಾಗ್ ಹೇಗಿರಬೇಕೆಂದು ತಿಳಿಸುವ ಕೆಲವು ಸಾಲುಗಳ ಏರ್ಪಾಡು ಇರುತ್ತದೆ. ಮೊದಲ ನೋಟಕ್ಕೆ ಅವು ನೀರಸ. ಆದರೆ ಆ ಏರ್ಪಾಡಿನ ಒಂದೊಂದು ಸಾಲಿನ ಹಿಂದೆಯೂ ಯಾರೋ ಪಟ್ಟ ಪಾಡು, ಯಾರೋ ಕಲಿತ ಪಾಠ ಅಡಗಿದೆ. ಆ ಚರಿತ್ರೆಯನ್ನು ತಿಳಿಯದೆ ಏರ್ಪಾಡನ್ನು ಕಂಠಪಾಠ ಮಾಡಿದರೆ ಪ್ರಯೋಜನ ಕಡಿಮೆ. ಹಾಗಾಗಿ ಆ ಕಥೆಯನ್ನು ಮೊದಲಿನಿಂದ ನೋಡೋಣ.

ಹಡಗಿನಿಂದ ಬಂದ ಹೆಸರು

ಇಂಗ್ಲಿಷಿನಲ್ಲಿ 'ಲಾಗ್' ಎಂದರೆ ಮರದ ದಿಮ್ಮಿ. ಇದಕ್ಕೂ ಬರವಣಿಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾಲ್ಕು ನೂರು ವರ್ಷಗಳಿಗೂ ಹಿಂದೆ ನಾವಿಕರು ಹಡಗಿನ ವೇಗವನ್ನು ತಿಳಿಯಲು ಒಂದು ಸರಳ ಉಪಾಯ ಮಾಡುತ್ತಿದ್ದರು. ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಎಸೆಯುವುದು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಹಗ್ಗದ ಎಷ್ಟು ಗಂಟುಗಳು ಕೈಜಾರಿದವು ಎಂದು ಎಣಿಸುವುದು. ಮುಂದೆ ನೆಲೆನಿಂತ ಅಳತೆಯ ಪ್ರಕಾರ ಗಂಟುಗಳ ನಡುವಿನ ಅಂತರ 47 ಅಡಿ 3 ಅಂಗುಲ, ಗಡಿಯಾರದ ಅವಧಿ 28 ಸೆಕೆಂಡು. ಹಡಗಿನ ವೇಗವನ್ನು ಇಂದಿಗೂ 'ನಾಟ್', ಅಂದರೆ ಗಂಟು, ಎಂಬ ಮಾನದಲ್ಲೇ ಹೇಳುವುದು ಈ ಕಾರಣದಿಂದ. ಹೀಗೆ ಅಳೆದ ವೇಗವನ್ನು, ದಿಕ್ಕು ಹಾಗೂ ಗಾಳಿಯ ವಿವರಗಳೊಡನೆ ಬರೆದಿಡುವ ಪುಸ್ತಕಕ್ಕೆ 'ಲಾಗ್ ಪುಸ್ತಕ' ಎಂಬ ಹೆಸರಾಯಿತು.

ನಮ್ಮ ಅಂಗಡಿಗಳ ಕಿರ್ದಿ ಪುಸ್ತಕವನ್ನು ನೀವು ಕಂಡಿರಬಹುದು. ಅದರ ನಿಯಮವೂ ಇಂಥದೇ. ವ್ಯವಹಾರ ನಡೆದ ಹೊತ್ತಿಗೇ ಬರೆಯಬೇಕು, ನಡೆದ ಕ್ರಮದಲ್ಲೇ ಬರೆಯಬೇಕು, ಬರೆದದ್ದನ್ನು ಅಳಿಸಬಾರದು. ಹಡಗಿನ ಪುಸ್ತಕಕ್ಕೂ ಕಿರ್ದಿಗೂ ಇಂದಿನ ಸರ್ವರಿನ ಲಾಗ್‌ಗೂ ಈ ಮೂರು ನಿಯಮಗಳು ಸಮಾನ.

ಕಂಪ್ಯೂಟರಿನ ಲೋಕಕ್ಕೆ ಈ ಪುಸ್ತಕ ಮೊದಲು ಬಂದದ್ದು ಕಾಗದದ ರೂಪದಲ್ಲಿಯೇ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಯಂತ್ರದ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅಲ್ಲಿನ ತಂಡದವರು ಅದನ್ನು ತೆಗೆದು, ಲಾಗ್ ಪುಸ್ತಕದ ಹಾಳೆಗೆ ಅಂಟಿಸಿ, ವೇಳೆಯನ್ನೂ ರಿಲೇಯ ಸಂಖ್ಯೆಯನ್ನೂ ನಮೂದಿಸಿದರು. ದೋಷಕ್ಕೆ 'ಬಗ್' ಎನ್ನುವ ರೂಢಿ ಅದಕ್ಕೂ ಹಿಂದೆಯೇ ಇತ್ತು; ಆದರೆ ನಿಜವಾದ ಹುಳವೇ ಸಿಕ್ಕ ಆ ಪ್ರಸಂಗವನ್ನು ಗ್ರೇಸ್ ಹಾಪರ್ ಅವರು ಜಗತ್ತಿಗೆಲ್ಲ ಹೇಳಿ ಪ್ರಸಿದ್ಧಗೊಳಿಸಿದರು. ಆ ಹಾಳೆ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲಿ, ಯಾವಾಗ, ಏನಾಯಿತು ಎಂಬ ಮೂರೂ ಅಲ್ಲಿ ಇರುವುದರಿಂದಲೇ ಅದನ್ನು ನಾವು ಇಂದಿಗೂ ಅರ್ಥಮಾಡಿಕೊಳ್ಳಬಲ್ಲೆವು.

ಎಂಟು ಮೆಟ್ಟಿಲುಗಳು

ಯಂತ್ರಗಳ ವೇಗ ಹೆಚ್ಚಿದಂತೆ ಮನುಷ್ಯರು ಬರೆದಿಡುವುದು ಅಸಾಧ್ಯವಾಯಿತು. ಪ್ರೋಗ್ರಾಮುಗಳೇ ತಮ್ಮ ದಿನಚರಿಯನ್ನು ಬರೆಯತೊಡಗಿದವು. ಆದರೆ ಒಂದು ತೊಡಕು ಉಂಟಾಯಿತು. ಒಂದು ಪ್ರೋಗ್ರಾಮು ಒಂದು ಕಡತದಲ್ಲಿ ಬರೆದರೆ ಇನ್ನೊಂದು ಬೇರೆ ಕಡತದಲ್ಲಿ, ಮತ್ತೊಂದು ನೇರವಾಗಿ ಪರದೆಯ ಮೇಲೆ. ಊರಿನ ಒಬ್ಬೊಬ್ಬ ಗುಮಾಸ್ತನೂ ತನಗೆ ತೋಚಿದ ಮೂಲೆಯಲ್ಲಿ ಲೆಕ್ಕ ಬರೆದಿಟ್ಟಂತೆ!

1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಎಂಬವರು 'ಸೆಂಡ್‌ಮೇಲ್' ಎಂಬ ಅಂಚೆ ಪ್ರೋಗ್ರಾಮನ್ನು ರೂಪಿಸುತ್ತಿದ್ದರು. ಅದರ ಅಂಗವಾಗಿ ಅವರು 'ಸಿಸ್‌ಲಾಗ್' ಎಂಬ ಸಣ್ಣ ಸೇವೆಯನ್ನು ಸಿದ್ಧಪಡಿಸಿದರು. ಅದರಲ್ಲಿ ಎರಡು ಮುಖ್ಯ ವಿಚಾರಗಳಿದ್ದವು. ಮೊದಲನೆಯದು, ಬರೆಯುವವನು ಬೇರೆ, ಬರೆದದ್ದು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವನು ಬೇರೆ. ಪ್ರೋಗ್ರಾಮು ಸಂದೇಶವನ್ನು ಸಿಸ್‌ಲಾಗ್‌ನ ಕೈಗೆ ಕೊಟ್ಟು ತನ್ನ ಕೆಲಸ ಮುಂದುವರಿಸಿದರೆ ಸಾಕು. ಅದು ಕಡತಕ್ಕೆ ಹೋಗಬೇಕೋ, ಇನ್ನೊಂದು ಯಂತ್ರಕ್ಕೆ ಹೋಗಬೇಕೋ ಎಂಬುದನ್ನು ಯಂತ್ರದ ಮೇಲ್ವಿಚಾರಕರು ನಿರ್ಧರಿಸುತ್ತಾರೆ.

ಎರಡನೆಯದು, ಪ್ರತಿ ಸಂದೇಶಕ್ಕೂ ಒಂದು ತೀವ್ರತೆಯ ಅಂಕ. ಸಿಸ್‌ಲಾಗ್‌ನಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಮಟ್ಟಗಳಿವೆ. ಸೊನ್ನೆ ಎಂದರೆ ಇಡೀ ವ್ಯವಸ್ಥೆಯೇ ಬಳಸಲಾರದ ಸ್ಥಿತಿಗೆ ಬಂದಿದೆ ಎಂದರ್ಥ. ಮೂರು 'ಎರರ್', ನಾಲ್ಕು 'ವಾರ್ನಿಂಗ್', ಆರು 'ಇನ್ಫೊ'. ಕೊನೆಯ ಏಳು 'ಡಿಬಗ್', ಅಂದರೆ ಪ್ರೋಗ್ರಾಮು ಬರೆಯುವಾಗ ಮಾತ್ರ ಬೇಕಾಗುವ ಸಣ್ಣಪುಟ್ಟ ವಿವರ. ಇಂದಿನ ಫ್ರೇಮ್‌ವರ್ಕ್‌ಗಳಲ್ಲಿ ನೀವು ಕಾಣುವ ಮಟ್ಟಗಳು ಇವುಗಳ ಹತ್ತಿರದ ಬಂಧುಗಳೇ.

ಈ ಪದ್ಧತಿಯಲ್ಲಿ ಒಂದು ಕುಂದು ಬಹುಕಾಲ ಉಳಿದಿತ್ತು. ಅದರ ಹಳೆಯ ನಮೂನೆಯಲ್ಲಿ ತಿಂಗಳು, ದಿನ, ಗಂಟೆ ಇದ್ದವು. ವರ್ಷ ಇರಲಿಲ್ಲ, ಯಾವ ದೇಶದ ಕಾಲಮಾನ ಎಂಬ ಸೂಚನೆಯೂ ಇರಲಿಲ್ಲ. ವರ್ಷವಿಲ್ಲದ ದಾಖಲೆ ಇತಿಹಾಸಕಾರರಿಗೆ ಎಂತಹ ತಲೆನೋವು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ರೂಢಿಯಲ್ಲಿದ್ದ ನಮೂನೆಯನ್ನು 2001ರಲ್ಲಿ 'ಆರ್‌ಎಫ್‌ಸಿ 3164' ಎಂಬ ದಾಖಲೆಯಲ್ಲಿ ವಿವರಿಸಲಾಯಿತು. ವರ್ಷವನ್ನೂ ಕಾಲವಲಯವನ್ನೂ ಸೇರಿಸಿಕೊಂಡ ಹೊಸ ನಮೂನೆ 2009ರ 'ಆರ್‌ಎಫ್‌ಸಿ 5424'ರಲ್ಲಿ ಬಂದಿತು.

75 ಸೆಂಟ್‌ಗಳ ವ್ಯತ್ಯಾಸ

ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ 1986ರಲ್ಲಿ ನಡೆದ ಘಟನೆ, ದಾಖಲೆಯ ಬೆಲೆ ಏನೆಂಬುದನ್ನು ತೋರಿಸಿತು. ಆ ಕಾಲದಲ್ಲಿ ಕಂಪ್ಯೂಟರಿನ ಬಳಕೆಗೆ ಸಮಯದ ಲೆಕ್ಕದಲ್ಲಿ ಶುಲ್ಕ ವಿಧಿಸುತ್ತಿದ್ದರು. ಎರಡು ಲೆಕ್ಕದ ಪ್ರೋಗ್ರಾಮುಗಳ ಮೊತ್ತಗಳ ನಡುವೆ 75 ಸೆಂಟ್ ವ್ಯತ್ಯಾಸ ಕಂಡುಬಂದಿತು. ಇದನ್ನು ಪರಿಶೀಲಿಸುವ ಕೆಲಸ ಹೊಸದಾಗಿ ಸೇರಿದ್ದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅವರ ಪಾಲಿಗೆ ಬಂದಿತು. ಒಂದು ಡಾಲರಿಗೂ ಕಡಿಮೆಯ ವ್ಯತ್ಯಾಸ, ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ.

ಹುಡುಕುತ್ತ ಹೋದಾಗ ಹೊರಗಿನ ಯಾರೋ ಗುಟ್ಟಾಗಿ ಒಳನುಗ್ಗಿದ್ದಾರೆ ಎಂಬುದು ತಿಳಿಯಿತು. ಅವನು ಯಂತ್ರದ ಸರ್ವಾಧಿಕಾರವನ್ನೇ ಪಡೆದುಕೊಂಡಿದ್ದ. ಅಂದಮೇಲೆ ಆ ಯಂತ್ರದಲ್ಲಿರುವ ದಾಖಲೆಯನ್ನು ನಂಬುವುದು ಹೇಗೆ? ಕಳ್ಳನ ಕೈಯಲ್ಲೇ ಬೀಗದ ಕೈ ಇದ್ದರೆ ಕಿರ್ದಿ ಪುಸ್ತಕ ಉಳಿದೀತೆ? ಸ್ಟೋಲ್ ಅವರು ಒಂದು ಉಪಾಯ ಮಾಡಿದರು. ಹೊರಗಿನಿಂದ ಬರುವ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ನುಗ್ಗುವವನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದರು. ಅವನಿಗೆ ಇದರ ಸುಳಿವೇ ಸಿಗಲಿಲ್ಲ. ತಿಂಗಳುಗಟ್ಟಲೆ ನಡೆದ ಈ ಬೆನ್ನಟ್ಟುವಿಕೆಯ ಕೊನೆಗೆ ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕಸ್ ಹೆಸ್ ಎಂಬವನು ಸಿಕ್ಕಿಬಿದ್ದ. ಅವನ ಗುಂಪು ಕದ್ದ ಮಾಹಿತಿಯನ್ನು ಸೋವಿಯೆತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿತ್ತು.

ಈ ಪ್ರಸಂಗದಿಂದ ನಾವು ತಿಳಿಯಬೇಕಾದದ್ದು ಇಷ್ಟು. ಸರ್ವರಿನ ಲಾಗ್‌ನ ಒಂದು ಪ್ರತಿ ಆ ಸರ್ವರಿನಿಂದ ದೂರದಲ್ಲಿ, ಬೇರೆಯ ಬೀಗದಡಿಯಲ್ಲಿ ಇರಬೇಕು.

ಬಾಗಿಲ ಪುಸ್ತಕ, ಒಳಮನೆಯ ಪುಸ್ತಕ

1990ರ ದಶಕದಲ್ಲಿ ವಿಶ್ವವ್ಯಾಪಿ ಜಾಲ, ಅಂದರೆ ವೆಬ್, ಹರಡತೊಡಗಿತು. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ವೆಬ್ ಸರ್ವರಿನೊಡನೆ 'ಕಾಮನ್ ಲಾಗ್ ಫಾರ್ಮ್ಯಾಟ್' ಎಂಬ ನಮೂನೆ ರೂಢಿಗೆ ಬಂದಿತು. 1995ರಲ್ಲಿ ಆರಂಭವಾದ ಅಪಾಚೆ ಸರ್ವರು ಅದನ್ನು ಮುಂದುವರಿಸಿತು. ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಪುಟವನ್ನು ಕೇಳಿದರು, ಸಿಕ್ಕಿದ ಉತ್ತರದ ಸಂಖ್ಯೆ ಎಷ್ಟು, ಎಷ್ಟು ಬೈಟ್ ಕಳುಹಿಸಲಾಯಿತು ಎಂಬುದೆಲ್ಲ ಒಂದೇ ಸಾಲಿನಲ್ಲಿ. 200 ಎಂದರೆ ಸರಿಯಾಯಿತು, 404 ಎಂದರೆ ಪುಟ ಸಿಗಲಿಲ್ಲ, 500 ಎಂದರೆ ಒಳಗೆ ಕೆಟ್ಟಿತು.

ಇದು ಬಾಗಿಲಲ್ಲಿ ಕುಳಿತ ಕಾವಲುಗಾರನ ಪುಸ್ತಕ. ಯಾರು ಬಂದರು, ಯಾರು ಹೋದರು ಎಂಬುದನ್ನು ಹೇಳುತ್ತದೆ. ಒಳಮನೆಯಲ್ಲಿ ಏನಾಯಿತೆಂಬುದು ಅವನಿಗೆ ತಿಳಿಯದು. ಜಾಲತಾಣಗಳು ಬರಿಯ ಪುಟಗಳನ್ನು ಕೊಡುವುದನ್ನು ದಾಟಿ, ಟಿಕೆಟ್ ಮಾರುವ, ಶುಲ್ಕ ಕಟ್ಟಿಸಿಕೊಳ್ಳುವ ಪ್ರೋಗ್ರಾಮುಗಳಾದಾಗ ಒಳಮನೆಯ ಪುಸ್ತಕವೂ ಬೇಕಾಯಿತು.

ಅದಕ್ಕೆ ದಾರಿ ತೋರಿದ್ದು ಯೂರೋಪಿನ ಒಂದು ಯೋಜನೆ. ಸುರಕ್ಷಿತ ವಿದ್ಯುನ್ಮಾನ ಮಾರುಕಟ್ಟೆಯನ್ನು ಕುರಿತ 'ಸೆಂಪರ್' ಯೋಜನೆಯಲ್ಲಿ 1996ರಲ್ಲಿ ಲಾಗ್ ಬರೆಯುವ ಉಪಕರಣವೊಂದು ರೂಪುಗೊಂಡಿತು. ಅದು ಬೆಳೆಯುತ್ತ ಜೆಕಿ ಗುಲ್ಜು ಅವರ ಶ್ರಮದಿಂದ ಜಾವಾ ಭಾಷೆಯ 'ಲಾಗ್4ಜೆ' ಆಯಿತು. ಅದರ ರಚನೆಯಲ್ಲಿ ಮೂರು ಪಾತ್ರಗಳಿವೆ. ಸಂದೇಶವನ್ನು ಪಡೆಯುವ 'ಲಾಗರ್', ಅದನ್ನು ತಕ್ಕ ಜಾಗಕ್ಕೆ ಮುಟ್ಟಿಸುವ 'ಅಪೆಂಡರ್', ಸಾಲಿನ ರೂಪವನ್ನು ನಿರ್ಧರಿಸುವ 'ಲೇಔಟ್'. ಇವನ್ನೆಲ್ಲ ಪ್ರೋಗ್ರಾಮಿನ ಹೊರಗಿರುವ ಒಂದು ಸಣ್ಣ ಕಡತದಿಂದ ನಿಯಂತ್ರಿಸಬಹುದು. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಬದಲಿಸದೆ, ಶುಲ್ಕ ಪಾವತಿಯ ವಿಭಾಗ ಮಾತ್ರ ಹೆಚ್ಚು ವಿವರ ಬರೆಯಲಿ, ಉಳಿದವು ಸುಮ್ಮನಿರಲಿ ಎಂದು ಹೇಳಲು ಸಾಧ್ಯವಾಯಿತು.

ಈ ಮಾದರಿ ಬೇಗ ಹರಡಿತು. 2002ರಲ್ಲಿ ಜಾವಾ ತನ್ನದೇ ಲಾಗ್ ವ್ಯವಸ್ಥೆಯನ್ನು ಸೇರಿಸಿಕೊಂಡಿತು. ಪೈಥಾನ್ ಭಾಷೆಗೆ ವಿನಯ್ ಸಾಜಿಪ್ ಅವರು ಬರೆದ ಲಾಗಿಂಗ್ ಭಾಗ 2003ರಲ್ಲಿ 2.3ನೆಯ ಆವೃತ್ತಿಯಲ್ಲಿ ಸೇರಿತು. ಪೈಥಾನ್ ಆಧಾರಿತ ಜಾಂಗೊ ಫ್ರೇಮ್‌ವರ್ಕ್ 2011ರ 1.3ನೆಯ ಆವೃತ್ತಿಯಲ್ಲಿ ಅದನ್ನು ತನ್ನ ಸೆಟ್ಟಿಂಗ್ಸ್ ಕಡತಕ್ಕೆ ತಂದುಕೊಂಡಿತು.

ಪ್ರಯೋಗಶಾಲೆಯಿಂದ ಬೀದಿಗೆ

ಇಷ್ಟೆಲ್ಲ ಸಿದ್ಧವಾಗಿರುವಾಗ ನಾವು ಮಾಡಬೇಕಾದದ್ದೇನು ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬಳಕೆದಾರರು ನೀವೊಬ್ಬರೇ. ಸಾವಿರಾರು ಜನ ಬಳಸುವ ಸರ್ವರಿನ ಪರಿಸ್ಥಿತಿ ಬೇರೆ. ಅದನ್ನು 'ಪ್ರೊಡಕ್ಷನ್' ಎನ್ನುತ್ತಾರೆ. ಅಲ್ಲಿ ನಾಲ್ಕು ಎಚ್ಚರಗಳು ಅಗತ್ಯ.

ಮೊದಲನೆಯದು ಮಟ್ಟ. ಡಿಬಗ್ ಮಟ್ಟವನ್ನು ಹಾಗೆಯೇ ಬಿಟ್ಟರೆ ಲಾಗ್ ಪ್ರವಾಹದಂತೆ ಹರಿಯುತ್ತದೆ. ಬೇಕಾದ ಒಂದು ಸಾಲು ಬೇಡವಾದ ಲಕ್ಷ ಸಾಲುಗಳಲ್ಲಿ ಮುಳುಗುತ್ತದೆ. ಸಾಮಾನ್ಯವಾಗಿ ಇನ್ಫೊ ಅಥವಾ ವಾರ್ನಿಂಗ್ ಮಟ್ಟ ಸಾಕು. ಜಾಂಗೊದಲ್ಲಿ 'ಡಿಬಗ್' ಎಂಬ ಇನ್ನೊಂದು ಸೆಟ್ಟಿಂಗ್ ಉಂಟು. ಅದನ್ನು ಪ್ರೊಡಕ್ಷನ್‌ನಲ್ಲಿ ಆರಿಸದಿದ್ದರೆ ದೋಷದ ವಿವರವೆಲ್ಲ ಬಳಕೆದಾರನ ಪರದೆಯ ಮೇಲೆಯೇ ಮೂಡಿ ಒಳಗುಟ್ಟು ಬಯಲಾಗುತ್ತದೆ.

ಎರಡನೆಯದು ಸ್ಥಳ. ಕಡತ ಬೆಳೆಯುತ್ತ ಹೋಗಿ ಡಿಸ್ಕ್ ತುಂಬಿದರೆ ದಿನಚರಿಯ ಭಾರಕ್ಕೇ ಸರ್ವರು ಕುಸಿಯಬಹುದು. ಆದ್ದರಿಂದ ದಿನಕ್ಕೊಂದು ಹೊಸ ಕಡತ, ಹಳೆಯವನ್ನು ಅಡಕಗೊಳಿಸುವುದು, ಅವಧಿ ಮುಗಿದವನ್ನು ತೆಗೆಯುವುದು ಎಂಬ 'ರೊಟೇಷನ್' ಪದ್ಧತಿ ಬಂದಿತು. ಕ್ಲೌಡ್ ಯುಗದಲ್ಲಿ ಸರ್ವರುಗಳೇ ಗಂಟೆಗೊಮ್ಮೆ ಹುಟ್ಟಿ ಅಳಿಯಬಲ್ಲವು. ಅವುಗಳೊಳಗಿನ ಕಡತವೂ ಅವುಗಳೊಡನೆ ಅಳಿಯುತ್ತದೆ. ಹೆರೋಕು ಸಂಸ್ಥೆಯ ಆಡಮ್ ವಿಗಿನ್ಸ್ 2011ರಲ್ಲಿ ಪ್ರಕಟಿಸಿದ 'ಹನ್ನೆರಡು ಅಂಶಗಳ' ಸೂತ್ರದಲ್ಲಿ, ಪ್ರೋಗ್ರಾಮು ಕಡತದ ಗೊಡವೆಗೇ ಹೋಗದೆ ತನ್ನ ಲಾಗನ್ನು ನೇರವಾಗಿ ಹೊರಹರಿವಿಗೆ ಬಿಡಬೇಕು, ಅದನ್ನು ಸಂಗ್ರಹಿಸುವ ಕೆಲಸ ಸುತ್ತಲಿನ ವ್ಯವಸ್ಥೆಯದು ಎಂದು ಹೇಳಲಾಯಿತು. ಆಲ್ಮನ್ ಅವರ ಹಳೆಯ ವಿಚಾರವೇ ಹೊಸ ಉಡುಪಿನಲ್ಲಿ ಮರಳಿ ಬಂದಿದೆ, ಅಲ್ಲವೆ?

ಮೂರನೆಯದು ಗುರುತು. ನೂರಾರು ಕೋರಿಕೆಗಳು ಏಕಕಾಲಕ್ಕೆ ಬಂದಾಗ ಅವುಗಳ ಸಾಲುಗಳು ಹೆಣೆದುಕೊಳ್ಳುತ್ತವೆ. ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಟ್ಟು, ಅದಕ್ಕೆ ಸಂಬಂಧಿಸಿದ ಪ್ರತಿ ಸಾಲಿನಲ್ಲೂ ಬರೆದರೆ ಎಳೆ ಬಿಡಿಸುವುದು ಸುಲಭ. ಪ್ರೊಡಕ್ಷನ್‌ಗಾಗಿ ರೈಲ್ಸ್ ಸಿದ್ಧಪಡಿಸಿ ಕೊಡುವ ಸೆಟ್ಟಿಂಗ್‌ನಲ್ಲಿ ಈ ಏರ್ಪಾಡು ಮೊದಲೇ ಇರುತ್ತದೆ.

ನಾಲ್ಕನೆಯದು ರೂಪ. 'ಏನೋ ತಪ್ಪಾಗಿದೆ' ಎಂದು ಬರೆದರೆ ಓದುವವರಿಗೆ ಪ್ರಯೋಜನವಿಲ್ಲ. 'ಕೋರಿಕೆ 40721, ಶುಲ್ಕ ಪಾವತಿ, ಬ್ಯಾಂಕಿನಿಂದ 30 ಸೆಕೆಂಡಾದರೂ ಉತ್ತರ ಬರಲಿಲ್ಲ' ಎಂದರೆ ಮುಂದಿನ ಹೆಜ್ಜೆ ತಾನಾಗಿಯೇ ಹೊಳೆಯುತ್ತದೆ. ಈ ವಿವರಗಳನ್ನು ಹೆಸರು ಮತ್ತು ಬೆಲೆಗಳ ಜೋಡಿಯಾಗಿ, ಜೇಸನ್ ನಮೂನೆಯಲ್ಲಿ ಬರೆದರೆ ಯಂತ್ರವೂ ಅವುಗಳಲ್ಲಿ ಹುಡುಕಬಲ್ಲದು.

ಬರೆಯಬಾರದ್ದನ್ನು ಬರೆದಾಗ

ಇದುವರೆಗೆ ಬರೆಯುವುದನ್ನು ಕುರಿತು ಹೇಳಿದೆ. ಬರೆಯದಿರುವುದು ಅದಕ್ಕಿಂತಲೂ ಕಠಿಣವಾದ ವಿದ್ಯೆ.

2018ರ ಮೇ 3ರಂದು, ಇಂದು 'ಎಕ್ಸ್' ಎಂದು ಕರೆಯಲಾಗುವ ಟ್ವಿಟರ್ ಸಂಸ್ಥೆ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಗುಪ್ತಪದಗಳನ್ನು ಬದಲಿಸುವಂತೆ ಸಲಹೆ ನೀಡಿತು. ಗುಪ್ತಪದವನ್ನು ಓದಲಾಗದ ರೂಪಕ್ಕೆ ತಿರುಗಿಸಿ ಇಡುವ ಒಳ್ಳೆಯ ಪದ್ಧತಿ ಅಲ್ಲಿತ್ತು. ಆದರೆ ಹಾಗೆ ತಿರುಗಿಸುವ ಮುನ್ನವೇ ಅದು ಸಂಸ್ಥೆಯ ಒಳಗಿನ ಲಾಗ್‌ನಲ್ಲಿ ಇದ್ದದ್ದು ಇದ್ದಂತೆ ದಾಖಲಾಗುತ್ತಿತ್ತು. ಭದ್ರ ಕಪಾಟಿನಲ್ಲಿ ಒಡವೆ ಇಟ್ಟು, ಬೀಗದ ಕೈಯ ಅಚ್ಚನ್ನು ಗೋಡೆಯ ಮೇಲೆ ಬಿಡಿಸಿದಂತಾಯಿತು. ದುರುಪಯೋಗವಾದ ಸೂಚನೆ ಇಲ್ಲವೆಂದು ಸಂಸ್ಥೆ ಹೇಳಿತು. 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಕೂಡ ಕೋಟ್ಯಂತರ ಗುಪ್ತಪದಗಳು ತನ್ನ ಒಳಗಿನ ವ್ಯವಸ್ಥೆಗಳಲ್ಲಿ ಓದಬಹುದಾದ ರೂಪದಲ್ಲಿ ಉಳಿದಿದ್ದುದನ್ನು ಒಪ್ಪಿಕೊಂಡಿತು. ಇದಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2024ರ ಸೆಪ್ಟೆಂಬರ್‌ನಲ್ಲಿ 9 ಕೋಟಿ 10 ಲಕ್ಷ ಯೂರೋ ದಂಡ ವಿಧಿಸಿತು.

ಗುಪ್ತಪದ, ಬ್ಯಾಂಕ್ ಕಾರ್ಡಿನ ಸಂಖ್ಯೆ, ಆಧಾರ್ ಸಂಖ್ಯೆ, ಒಟಿಪಿ ಇವು ಯಾವ ಮಟ್ಟದ ಲಾಗ್‌ನಲ್ಲೂ ಕಾಣಿಸಿಕೊಳ್ಳಬಾರದು. ರೈಲ್ಸ್‌ನಲ್ಲಿ ಇಂತಹ ಹೆಸರುಗಳ ಪಟ್ಟಿ ಕೊಟ್ಟರೆ ಅವುಗಳ ಬೆಲೆಯನ್ನು ಮರೆಮಾಡುವ ಸೌಲಭ್ಯವಿದೆ. ಆದರೆ ಪಟ್ಟಿಯಲ್ಲಿ ಯಾವ ಹೆಸರು ಇರಬೇಕೆಂದು ಯೋಚಿಸಬೇಕಾದವರು ನೀವೇ.

ಲಾಗ್ ಬರಹವೇ ಬಾಗಿಲಾಯಿತು

ಕೊನೆಯದಾಗಿ 2021ರ ಘಟನೆ. ಲಾಗ್4ಜೆಯ ಎರಡನೆಯ ತಲೆಮಾರನ್ನು ಸ್ವಯಂಸೇವಕರು ಬೇರೆಯಾಗಿ ಬರೆದಿದ್ದರು. ಅದು 2014ರಲ್ಲಿ ಪೂರ್ಣರೂಪದಲ್ಲಿ ಹೊರಬಂದಿತ್ತು. ಅದರಲ್ಲಿ 2013ರಲ್ಲೇ ಸೇರಿಸಿದ ಒಂದು ಸೌಕರ್ಯವಿತ್ತು. ಸಂದೇಶದೊಳಗೆ ವಿಶೇಷ ಚಿಹ್ನೆಗಳ ನಡುವೆ ಒಂದು ವಿಳಾಸ ಬರೆದರೆ ಲಾಗ್4ಜೆ ಆ ವಿಳಾಸಕ್ಕೆ ಹೋಗಿ ಮಾಹಿತಿ ತರುತ್ತಿತ್ತು. ಲಾಗ್‌ನಲ್ಲಿ ಬೀಳುವುದು ಬಹುಪಾಲು ಹೊರಗಿನವರು ಕಳುಹಿಸಿದ ಮಾತುಗಳೇ ತಾನೆ? ಕಿಡಿಗೇಡಿಯೊಬ್ಬ ತನ್ನ ಹೆಸರಿನ ಜಾಗದಲ್ಲಿ ಅಂತಹ ವಿಳಾಸವನ್ನು ಬರೆದರೆ ಸಾಕು, ಸರ್ವರು ತಾನೇ ಹೋಗಿ ಅವನ ಪ್ರೋಗ್ರಾಮನ್ನು ತಂದು ನಡೆಸಿಬಿಡುತ್ತಿತ್ತು!

ಅಲಿಬಾಬಾ ಕ್ಲೌಡ್‌ನ ಚೆನ್ ಜಾವ್‌ಜುನ್ 2021ರ ನವೆಂಬರ್ 24ರಂದು ಈ ದೋಷವನ್ನು ವರದಿ ಮಾಡಿದರು. ಡಿಸೆಂಬರ್ ಎರಡನೆಯ ವಾರದಲ್ಲಿ ಅದು ಬಹಿರಂಗವಾದಾಗ ಜಗತ್ತಿನಾದ್ಯಂತ ಎಂಜಿನಿಯರುಗಳು ನಿದ್ದೆಗೆಟ್ಟು ಸರಿಪಡಿಸಬೇಕಾಯಿತು. 'ಲಾಗ್4ಶೆಲ್' ಎಂದು ಹೆಸರಾದ ಈ ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ದೊರೆಯಿತು. ಅಸಂಖ್ಯಾತ ಸಂಸ್ಥೆಗಳು ಆತುಕೊಂಡಿದ್ದ ಈ ಕಂಬವನ್ನು ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ ಹೊತ್ತು ನಿಂತಿದ್ದವರು ಕೆಲವೇ ಸ್ವಯಂಸೇವಕರು ಎಂಬುದೂ ಆಗ ಎಲ್ಲರಿಗೂ ತಿಳಿಯಿತು. ಹೊರಗಿನವರ ಮಾತನ್ನು ಲಾಗ್‌ನಲ್ಲಿ ಬರೆಯಬಹುದು, ಆದರೆ ಅದನ್ನು ಆಜ್ಞೆಯೆಂದು ಪಾಲಿಸಬಾರದು. ಬಳಸುವ ಉಪಕರಣಗಳನ್ನು ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುತ್ತಿರಬೇಕು. ಇವೆರಡು ಅಂದು ಕಲಿತ ಪಾಠಗಳು.

ನಮ್ಮ ದೇಶದಲ್ಲಿ ಇದು ಈಗ ಕಾನೂನಿನ ವಿಷಯವೂ ಹೌದು. 'ಸರ್ಟ್-ಇನ್' ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನಗಳ ಕಾಲ ಭದ್ರವಾಗಿ ಇಟ್ಟುಕೊಳ್ಳಬೇಕು. ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತಪ್ರಯೋಗಾಲಯದ ಕಾಲಕ್ಕೆ ಹೊಂದಿಸಬೇಕು. ಬೆಂಗಳೂರಿನ ಸಣ್ಣ ಕಂಪನಿಗೂ ಇದು ಅನ್ವಯಿಸುತ್ತದೆ. ಎರಡು ಸರ್ವರುಗಳ ಗಡಿಯಾರಗಳು ಬೇರೆ ಬೇರೆ ವೇಳೆ ತೋರಿಸಿದರೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದನ್ನು ಯಾವ ತನಿಖೆಗಾರನೂ ಹೇಳಲಾರ.

ಮಿತ್ರರೆ, ನಿಮ್ಮಲ್ಲಿ ಹಲವರು ಕಾಲೇಜಿನ ಪ್ರಾಜೆಕ್ಟ್‌ಗಾಗಿ ಒಂದು ಸಣ್ಣ ಜಾಲತಾಣವನ್ನಾದರೂ ಕಟ್ಟುವಿರಿ. ಅದು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಅದರೊಳಗೆ ಬೇಕೆಂದೇ ಒಂದು ದೋಷವನ್ನು ಹುಟ್ಟಿಸಿ, ಪ್ರೋಗ್ರಾಮನ್ನು ತೋರಿಸದೆ ಲಾಗ್ ಒಂದನ್ನೇ ನಿಮ್ಮ ಗೆಳೆಯನ ಕೈಗೆ ಕೊಡಿ. ಎಷ್ಟು ಹೊತ್ತಿಗೆ, ಯಾವ ಕೋರಿಕೆಯಲ್ಲಿ, ಏನು ಕೆಟ್ಟಿತು ಎಂದು ಅವನು ಹೇಳಬಲ್ಲನೆ? ಅದರಲ್ಲಿ ಯಾರದಾದರೂ ಗುಪ್ತಪದ ಅವನ ಕಣ್ಣಿಗೆ ಬಿದ್ದಿತೆ? ಮೊದಲ ಪ್ರಶ್ನೆಗೆ 'ಹೌದು' ಎಂದೂ ಎರಡನೆಯದಕ್ಕೆ 'ಇಲ್ಲ' ಎಂದೂ ಉತ್ತರ ಬರುವವರೆಗೆ ಏರ್ಪಾಡನ್ನು ತಿದ್ದುತ್ತ ಹೋಗಿ. ಮುಂದೊಂದು ದಿನ ಫಲಿತಾಂಶದ ಜಾಲತಾಣವನ್ನು ನೋಡಿಕೊಳ್ಳುವ ಹೊಣೆ ನಿಮ್ಮ ಪಾಲಿಗೇ ಬಂದಾಗ, ಅತ್ತ ಕಾದು ಕುಳಿತ ಮಕ್ಕಳಿಗೆ ಬೇಗ ಉತ್ತರ ಕೊಡಲು ಈ ಅಭ್ಯಾಸ ನೆರವಾಗುತ್ತದೆ.